ಕುಂಕುಮದ ಭರಣಿ, ಸುಣ್ಣದ ಡಬ್ಬಿ: ಕೈಯಲ್ಲಿ ಕಡೆದ ಮೂರು ಜಾದೂ ಸಾಧನಗಳ ವಿಮರ್ಶೆ

ಪ್ರೆಶರ್ ಕುಕ್ಕರಿನ ಬಗ್ಗೆ ಬರೆಯುವವನಿಗಿಲ್ಲದ ಒಂದು ಪೇಚು ಜಾದೂ ಸಾಧನಗಳ ಬಗ್ಗೆ ಬರೆಯುವವನಿಗಿದೆ. ವಸ್ತುವಿನ ಗುಣದೋಷವೆಲ್ಲ ಇರುವುದು ಅದರ ಒಳಗೆ. ಆ ಒಳಗನ್ನು ಬಾಯಿಬಿಟ್ಟು ಹೇಳಿದರೆ ಕೊಂಡವನ ಹಣವೂ ಹೋಯಿತು, ಅದರಿಂದಲೇ ಬದುಕುವ ಯಕ್ಷಿಣಿಗಾರನ ಹೊಟ್ಟೆಪಾಡೂ ಹೋಯಿತು. ಆದ್ದರಿಂದ ಈ ಬರಹದ ಕೆಲವು ವಾಕ್ಯಗಳು ಹೇಳಬೇಕಾದ ಮಾತಿನ ಹೊಸ್ತಿಲವರೆಗೆ ಬಂದು ಅಲ್ಲಿಯೇ ನಿಂತುಬಿಡುತ್ತವೆ. ನಾನು ಇಲ್ಲಿ ತೂಗಿ ನೋಡುತ್ತಿರುವುದು ಕಳೆದ ಮೂರು ವರ್ಷಗಳಲ್ಲಿ ಸ್ವಂತ ಹಣದಿಂದ ಕೊಂಡು ಬಳಸಿದ, ಕೈಯಲ್ಲಿ ಕಡೆದು ಮಾಡಿದ ಮೂರು ವಸ್ತುಗಳನ್ನು: ಇಂಗ್ಲೆಂಡಿನಿಂದ ತರಿಸಿದ ಬಾಕ್ಸ್‌ವುಡ್ ಮರದ ಚೆಂಡು-ಭರಣಿ, ಚನ್ನಪಟ್ಟಣದಲ್ಲಿ ಹೇಳಿ ಮಾಡಿಸಿದ ಅರಗಿನ ಬಣ್ಣದ ಚೆಂಡು-ಭರಣಿ, ಮತ್ತು ಒಕಿಟೊ ಡಬ್ಬಿ ಎಂದು ಹೆಸರಾದ ಹಿತ್ತಾಳೆಯ ನಾಣ್ಯದ ಡಬ್ಬಿ.

ಚೆಂಡು-ಭರಣಿಯ ಆಟ ಬಹುಶಃ ಎಲ್ಲರಿಗೂ ಗೊತ್ತು. ಮುಚ್ಚಳವಿರುವ ಒಂದು ಪುಟ್ಟ ಪಾತ್ರೆ, ಅದರಲ್ಲಿ ಒಂದು ಚೆಂಡು. ಚೆಂಡನ್ನು ತೆಗೆದು ಜೇಬಿಗೆ ಹಾಕಿ, ಬರಿದಾದ ಪಾತ್ರೆಯನ್ನು ಮುಚ್ಚಿ ಮತ್ತೆ ತೆರೆದರೆ ಚೆಂಡು ಅಲ್ಲಿಯೇ ಇರುತ್ತದೆ. ಇನ್ನೊಮ್ಮೆ ಮುಚ್ಚಿ ತೆರೆದರೆ ಇರುವುದಿಲ್ಲ. ಜಾತ್ರೆಯ ಅಂಗಡಿಗಳಲ್ಲಿ ಕೆಂಪು-ನೀಲಿ ಪ್ಲಾಸ್ಟಿಕ್ಕಿನಲ್ಲಿ ಮಾರುವುದು ಇದನ್ನೇ. ನಾನು ಇತ್ತೀಚೆಗೆ ಅರವತ್ತು ರೂಪಾಯಿಗೆ ಒಂದನ್ನು ಕೊಂಡೆ, ಹೋಲಿಕೆಗೆ ಇರಲಿ ಎಂದು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ: ಅಚ್ಚಿನ ಗೀರು ಎದ್ದು ಕಾಣುತ್ತದೆ, ಮುಚ್ಚಳ ತೆರೆಯುವಾಗ ಟಪ್ಪೆಂದು ಸದ್ದಾಗುತ್ತದೆ, ಮತ್ತು ಎರಡು ಕಡೆ ಕೆಂಪು ಬಣ್ಣ ಒಂದೇ ಆಗಿರಬೇಕಾದ ಒಂದು ಜಾಗದಲ್ಲಿ ಅದು ಒಂದೇ ಆಗಿಲ್ಲ. ಆದರೂ ಗುಟ್ಟಿನ ಮಟ್ಟಿಗೆ ಈ ಅರವತ್ತು ರೂಪಾಯಿಯ ಆಟಿಕೆಗೂ ಅದರ ನೂರೈವತ್ತು ಪಟ್ಟಿಗಿಂತ ಹೆಚ್ಚು ಬೆಲೆಯ ಇಂಗ್ಲಿಷ್ ಭರಣಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸಂಗ್ರಹಕಾರನು ಗುಟ್ಟಿಗೆ ಹಣ ಕೊಡುವವನಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಹಾಗಾದರೆ ಯಾವುದಕ್ಕೆ ಕೊಡುತ್ತಾನೆ ಎಂಬ ಪ್ರಶ್ನೆಗೆ ನಾನು ಮೊದಲು ಇಟ್ಟುಕೊಂಡಿದ್ದ ಉತ್ತರವೇ ಬೇರೆ, ಈಗಿರುವುದೇ ಬೇರೆ.

ಈ ಭರಣಿಗೆ ದೀರ್ಘ ವಂಶಾವಳಿಯಿದೆ. 1876ರಲ್ಲಿ ಪ್ರೊಫೆಸರ್ ಹಾಫ್‌ಮನ್ ಎಂಬ ಹೆಸರಿನಲ್ಲಿ ಜಾದೂ ವಿದ್ಯೆಯ ದೊಡ್ಡ ಕೈಪಿಡಿಯೊಂದನ್ನು ಪ್ರಕಟಿಸಿದ ಇಂಗ್ಲಿಷ್ ವಕೀಲ ಆಂಜೆಲೊ ಲೂಯಿಸ್ ಇದರ ಇನ್ನಷ್ಟು ಜಟಿಲವಾದ ರೂಪವೊಂದನ್ನು ‘ಮಾರಿಸನ್ ಗುಳಿಗೆ ಡಬ್ಬಿ’ ಎಂದು ಕರೆದಿದ್ದಾರೆ. ಮಾರಿಸನ್ ಎಂಬಾತ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಸರ್ವರೋಗಕ್ಕೂ ಮದ್ದೆಂದು ಹೇಳಿ ಬ್ರಿಟನ್ನಿನ ತುಂಬ ಗುಳಿಗೆ ಮಾರಿದ ವ್ಯಾಪಾರಿ. ಆ ಕಾಲದ ಪ್ರೇಕ್ಷಕರಿಗೆ ಗುಳಿಗೆ ಡಬ್ಬಿ ಎಂದರೆ ದಿನವೂ ಕಾಣುವ ವಸ್ತು ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. ಈ ವಿಷಯಕ್ಕೆ ಮತ್ತೆ ಬರುತ್ತೇನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಾಸ್ ಏಂಜಲಿಸ್‌ನ ಫ್ಲಾಯ್ಡ್ ಥೇಯರ್ ಮರ ಕಡೆಯುವುದರಲ್ಲಿಯೇ ಹೆಸರು ಮಾಡಿದರು. ಅನಂತರ ಹಾಲೆಂಡಿನ ಎಡ್ಡಿ ಟೇಟಲ್‌ಬಾಮ್ ಅಂಗೈಯಗಲದ ಸಾಧನಗಳಲ್ಲಿ ಕುಶಲತೆಯ ತುದಿ ಮುಟ್ಟಿದರು. ಇವರ ಕೈಯಿಂದ ಬಂದ ವಸ್ತುಗಳು ಇಂದು ಹರಾಜಿನಲ್ಲಿ ಕೈ ಬದಲಾಗುತ್ತವೆ, ನನ್ನಂಥವನ ಕೈಗೆಟುಕುವುದಿಲ್ಲ. ಕೈಕೆಲಸವಾದರೆ ಮಾತ್ರ ಸಂಗ್ರಹಯೋಗ್ಯ ಎಂಬ ನಿಯಮವೂ ಇಲ್ಲ. ಜಪಾನಿನಲ್ಲಿ 1931ರಲ್ಲಿ ಆರಂಭವಾದ ಟೆನ್ಯೊ ಸಂಸ್ಥೆಯ ಪ್ಲಾಸ್ಟಿಕ್ ಆಟಗಳನ್ನು ಪೆಟ್ಟಿಗೆ ಸಮೇತ ಜೋಡಿಸಿಡುವವರು ಲೋಕದಾದ್ಯಂತ ಇದ್ದಾರೆ, ಮತ್ತು ಆ ಪ್ಲಾಸ್ಟಿಕ್ಕಿಗೂ ನಮ್ಮ ಜಾತ್ರೆಯ ಪ್ಲಾಸ್ಟಿಕ್ಕಿಗೂ ಹೋಲಿಕೆಯೇ ಸಲ್ಲದು.

ಇಂಗ್ಲಿಷ್ ಭರಣಿಯನ್ನು ಒಬ್ಬರೇ ಕೂತು ಕಡೆಯುವ ಕುಶಲಕರ್ಮಿಯೊಬ್ಬರಿಂದ ತರಿಸಿದೆ. ಹಣ ಕಳಿಸಿದ ಮೇಲೆ ಏಳು ತಿಂಗಳು ಕಾಯಬೇಕಾಯಿತು. ಸಾಗಣೆ, ಸುಂಕ ಎಲ್ಲ ಸೇರಿ ಹನ್ನೊಂದು ಸಾವಿರ ರೂಪಾಯಿ ಆಯಿತು. ಎತ್ತರ ಹತ್ತು ಸೆಂಟಿಮೀಟರು. ಬಾಕ್ಸ್‌ವುಡ್ ಎಂಬುದು ಬಲು ನಿಧಾನವಾಗಿ ಬೆಳೆಯುವ, ಎಳೆ ಕಾಣದಷ್ಟು ಒತ್ತಾದ, ಹಳದಿ ಬೆಣ್ಣೆಯ ಬಣ್ಣದ ಮರ; ಒಳ್ಳೆಯ ಚದುರಂಗದ ಕಾಯಿಗಳನ್ನೂ ಹಿಂದಿನ ಕಾಲದ ಮುದ್ರಣದ ಚಿತ್ರಗಳ ಅಚ್ಚುಗಳನ್ನೂ ಇದರಲ್ಲಿ ಮಾಡುತ್ತಿದ್ದುದು ಇದೇ ಕಾರಣಕ್ಕೆ. ಉಗುರಿನಿಂದ ಗೀರಿದರೆ ಗುರುತಾಗುವುದಿಲ್ಲ. ಮುಚ್ಚಳವನ್ನು ಇಳಿಸಿದರೆ ಒಳಗಿನ ಗಾಳಿ ಮೆಲ್ಲನೆ ಹೊರಬಂದು, ಮುಚ್ಚಳ ತನ್ನ ಭಾರಕ್ಕೆ ತಾನೇ ಕೆಳಗಿಳಿದು ಕೂರುತ್ತದೆ, ಸದ್ದೇ ಇಲ್ಲ. ಮೈಮೇಲೆ ಸುತ್ತಲೂ ಕಡೆದ ಗೆರೆಗಳಿವೆ. ಅವು ಬರಿಯ ಅಲಂಕಾರಕ್ಕೆ ಅಲ್ಲ ಎಂಬಲ್ಲಿಗೆ ಆ ಮಾತನ್ನು ನಿಲ್ಲಿಸುತ್ತೇನೆ. ಗುಟ್ಟು ಗೊತ್ತಿರುವ ನಾನೇ ಭೂತಗನ್ನಡಿ ಹಿಡಿದು ಹುಡುಕಿ ಸೋತೆ. ಕುಶಲತೆಯ ದೃಷ್ಟಿಯಿಂದ ಇದರಲ್ಲಿ ಕುಂದು ಹೇಳುವುದಕ್ಕೆ ನನಗೆ ಸಾಧ್ಯವಿಲ್ಲ.

ಕುಂದು ಕಂಡದ್ದು ಆಡುವಾಗ. ಮನೆಯವರ ಮುಂದೆ ಮೊದಲ ಸಲ ಅದನ್ನು ಮೇಜಿನ ಮೇಲೆ ಇಟ್ಟಾಗ ಅಕ್ಕನ ಮಗಳು ಕೇಳಿದ್ದು, “ಮಾವ, ಇದು ಯಾವ ಸ್ಪರ್ಧೆಯ ಟ್ರೋಫಿ?” ಎಂದು. ನನಗೆ ನಗು ಬಂತು, ಆದರೆ ಆ ಮಗು ಸರಿಯಾದ ಪ್ರಶ್ನೆಯನ್ನೇ ಕೇಳಿತ್ತು. ಅಂಥ ಪಾತ್ರೆ ನಮ್ಮ ಯಾರ ಮನೆಯಲ್ಲೂ ಇಲ್ಲ. ಅದರಲ್ಲಿ ಏನನ್ನು ಇಡುತ್ತಾರೆ, ಯಾಕೆ ಇಡುತ್ತಾರೆ ಎಂದು ಹೇಳಲು ನನಗೂ ಬಾರದು. ಗೊತ್ತಿಲ್ಲದ ವಸ್ತುವನ್ನು ಕಂಡ ಕೂಡಲೇ ನೋಡುವವರ ಕೈ ಮುಂದೆ ಬರುತ್ತದೆ. ಹತ್ತು ಸಲ ಆಡಿದರೆ ಎಂಟು ಸಲ ಯಾರಾದರೊಬ್ಬರು ಕೊಡಿ ನೋಡೋಣ ಎಂದರು, ಮತ್ತು ಆಟ ಮುಗಿದ ಮೇಲೆ ಅವರಿಗೆ ನೆನಪಿದ್ದದ್ದು ಚೆಂಡಲ್ಲ, ಆ ಪಾತ್ರೆ. ಗಾಜಿನ ಬೀರುವಿನಲ್ಲಿ ಇಡುವುದಕ್ಕೆ ಇದಕ್ಕಿಂತ ಚಂದದ ವಸ್ತು ನನ್ನ ಬಳಿ ಇಲ್ಲ. ಈಗ ಅದು ಅಲ್ಲಿಯೇ ಇದೆ.

ಚನ್ನಪಟ್ಟಣದ ಯೋಚನೆ ಬಂದದ್ದು ಇದರ ನಂತರ. ನನ್ನೂರು ಸಾಗರ, ಗುಡಿಗಾರರ ಗಂಧದ ಕೆತ್ತನೆಗೆ ಹೆಸರಾದ ಊರು. ಮೊದಲು ಇಲ್ಲಿಯೇ ಕೇಳಿದ್ದೆ. ಕೆತ್ತನೆ ಬೇರೆ, ಕಡೆತ ಬೇರೆ ಎಂದು ಅವರು ಸರಿಯಾಗಿಯೇ ಹೇಳಿ ಕಳಿಸಿದರು. ಮರವನ್ನು ಲೇತಿನಲ್ಲಿ ತಿರುಗಿಸುತ್ತ ಉಳಿ ಹಿಡಿಯುವವರು ಬೇಕೆಂದರೆ ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು 60 ಕಿಲೋಮೀಟರಿನಲ್ಲಿರುವ ಚನ್ನಪಟ್ಟಣಕ್ಕೇ ಹೋಗಬೇಕು. ಅಲ್ಲಿನ ಹೆದ್ದಾರಿ ಬದಿಯ ದೊಡ್ಡ ಮಳಿಗೆಯೊಂದರಲ್ಲಿ ಒಂದೇ ಒಂದು ಭರಣಿಗೆ ಬೇಡಿಕೆ ತೆಗೆದುಕೊಳ್ಳುವುದಿಲ್ಲ, ಕನಿಷ್ಠ ಇನ್ನೂರು ಬೇಕು ಎಂದರು. ಇನ್ನೂರು ಯಕ್ಷಿಣಿಗಾರರನ್ನು ನಾನು ಎಲ್ಲಿಂದ ತರಲಿ! ಊರೊಳಗಿನ ಓಣಿಯೊಂದರಲ್ಲಿ ಮನೆಯ ಮುಂದಿನ ಕೋಣೆಯಲ್ಲಿಯೇ ಲೇತು ಹಾಕಿಕೊಂಡಿದ್ದ ಹಿರಿಯರೊಬ್ಬರು ಕೊನೆಗೆ ಒಪ್ಪಿದರು.

ಅವರು ಬಳಸುವುದು ಹಾಲೆ ಮರ. ಬಾಕ್ಸ್‌ವುಡ್ಡಿನಷ್ಟು ಗಟ್ಟಿಯಲ್ಲ, ಆದರೆ ಬಿಳಿಯ, ನುಣುಪಾದ, ಉಳಿಗೆ ಬೇಗ ಒಲಿಯುವ ಮರ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿಕೆಯ ಕಾವಿಗೇ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಅದರ ಮೇಲೆ ಎಲೆಯಿಂದ ಒತ್ತಿ ಉಜ್ಜಿದರೆ ಕನ್ನಡಿಯ ಹೊಳಪು ಬರುತ್ತದೆ. 2005ರ ಹೊತ್ತಿಗೆ ಭೌಗೋಳಿಕ ಗುರುತು ಪಡೆದ ಈ ಕೆಲಸವನ್ನು ಬಣ್ಣಿಸಿದವರು ಬಹಳ ಮಂದಿ ಇದ್ದಾರೆ. ನಾನು ಹೇಳಬೇಕಾದದ್ದು ಬೇರೆ: ಈ ಕಸುಬಿನಲ್ಲಿ ಕುಂಕುಮದ ಭರಣಿ ಎಂಬುದು ಹಳೆಯ, ಕಣ್ಣು ಮುಚ್ಚಿ ಮಾಡಬಲ್ಲ ಒಂದು ರೂಪ. ನಾನು ಮಿಲಿಮೀಟರು ಲೆಕ್ಕದಲ್ಲಿ ಬರೆದುಕೊಂಡು ಹೋಗಿದ್ದ ನಕ್ಷೆಯನ್ನು ಹಿರಿಯರು ಬಹಳ ಹೊತ್ತು ನೋಡಿ, “ಇದು ಭರಣಿ ಅಲ್ಲ ಸಾರ್. ಹೊರಗಡೆ ಭರಣಿ, ಒಳಗಡೆ ಬೇರೆ ಏನೋ” ಎಂದರು. ಸಾಧನ ಮಾಡಿಕೊಡುವವರಿಂದ ಗುಟ್ಟು ಮುಚ್ಚಿಡುವುದು ಆಗದ ಮಾತು. ಜೇಬಿನಲ್ಲಿದ್ದ ಪ್ಲಾಸ್ಟಿಕ್ ಭರಣಿಯನ್ನು ತೆಗೆದು ಆಡಿ ತೋರಿಸಿದೆ. ಅವರು ನಗಲಿಲ್ಲ, ಬೆರಗಾಗಲೂ ಇಲ್ಲ; ಇನ್ನೊಂದು ಸಲ ಮಾಡಿ ಎಂದರು, ಮತ್ತೊಂದು ಸಲ ಮಾಡಿ ಎಂದರು. ಆಮೇಲೆ ಪೆನ್ಸಿಲು ತೆಗೆದುಕೊಂಡು ನನ್ನ ನಕ್ಷೆಯಲ್ಲಿದ್ದ ಒಂದು ಗೆರೆಯನ್ನು ಎರಡು ಮಿಲಿಮೀಟರು ಕೆಳಗೆ ಸರಿಸಿ, “ಹಂಗಾದ್ರೆ ಇದು ಇಲ್ಲಿ ಬರಬೇಕು” ಎಂದರು. ಇಂಗ್ಲಿಷ್ ಭರಣಿಯಲ್ಲಿ ಆ ಗೆರೆ ಇರುವುದು ಸರಿಯಾಗಿ ಅಲ್ಲಿಯೇ ಎಂಬುದನ್ನು ಮನೆಗೆ ಬಂದು ಅಳೆದು ನೋಡಿದಾಗ ಕಂಡುಕೊಂಡೆ.

ಮೊದಲನೆಯ ಭರಣಿ ಕೆಟ್ಟಿತು. ತಪ್ಪು ನಮ್ಮಿಬ್ಬರದೂ. ಆಟಿಕೆಯಲ್ಲಿ ಅರ್ಧ ಮಿಲಿಮೀಟರು ಎಂಬುದಕ್ಕೆ ಬೆಲೆಯಿಲ್ಲ, ಇಲ್ಲಿ ಅದೇ ಸರ್ವಸ್ವ. ಒಂದರೊಳಗೊಂದು ಕೂರಬೇಕಾದ ಮೈಗಳ ಮೇಲೂ ಅವರು ರೂಢಿಯಂತೆ ಅರಗು ಹಚ್ಚಿದ್ದರು, ಹಚ್ಚಬೇಡಿ ಎಂದು ಹೇಳುವುದು ನನಗೆ ಹೊಳೆದಿರಲಿಲ್ಲ. ಅರಗು ಕಾವಿಗೆ ಮೆದುವಾಗುವ ವಸ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ ಕಾರಿನಲ್ಲಿಟ್ಟು ಬಂದ ಭರಣಿಯ ಮುಚ್ಚಳ ಅಂಟಿಕೊಂಡು, ಎಳೆದಾಗ ಪ್ಲಾಸ್ಟಿಕ್ಕಿಗಿಂತಲೂ ಜೋರಾಗಿ ಸದ್ದು ಮಾಡಿತು. ಎರಡನೆಯದರಲ್ಲಿ ಒಳಮೈಯನ್ನು ಬರಿಯ ಮರವಾಗಿಯೇ ಬಿಟ್ಟು ಜೇನುಮೇಣ ಉಜ್ಜಿದರು. ಮುಚ್ಚಳವನ್ನೂ ಪಾತ್ರೆಯನ್ನೂ ಒಂದೇ ತುಂಡಿನಿಂದ, ಎಳೆ ಒಂದೇ ಕಡೆಗೆ ಇರುವಂತೆ ಕಡೆದರು. ಇದು ಮುಖ್ಯ. ಮರವು ತೇವ ಹೀರಿದಾಗ ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ, ಅಡ್ಡಕ್ಕೆ ಹಿಗ್ಗುವುದು ಹೆಚ್ಚು, ಅಡ್ಡದಲ್ಲಿಯೂ ಎಲ್ಲ ದಿಕ್ಕಿಗೆ ಸಮನಾಗಿ ಹಿಗ್ಗುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಗುಂಡಗಿದ್ದ ಬಾಯಿ ಮಳೆಗಾಲದಲ್ಲಿ ಕಣ್ಣಿಗೆ ಕಾಣದಷ್ಟು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಎರಡೂ ಒಂದೇ ತುಂಡಿನವಾಗಿ ಎಳೆ ಕೂಡಿಕೊಂಡಿದ್ದರೆ ಎರಡೂ ಒಟ್ಟಿಗೆ ಹಿಗ್ಗಿ ಹೊಂದಿಕೊಳ್ಳುತ್ತವೆ, ಇಲ್ಲವಾದರೆ ಸಿಕ್ಕಿಹಾಕಿಕೊಳ್ಳುತ್ತವೆ. ಮುಚ್ಚಳವನ್ನು ಯಾವ ಕಡೆಗೆ ತಿರುಗಿಸಿ ಇಡಬೇಕೆಂದು ತಿಳಿಯಲು ಹಳದಿ ಪಟ್ಟಿಯಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕಿಯೊಂದನ್ನು ಹಿರಿಯರೇ ಇಟ್ಟುಕೊಟ್ಟಿದ್ದಾರೆ.

ಇಷ್ಟೆಲ್ಲ ಆದರೂ ಇದು ಇಂಗ್ಲಿಷ್ ಭರಣಿಯ ಸಮಕ್ಕೆ ಬಾರದು ಎಂಬುದನ್ನು ಒಪ್ಪಿಕೊಳ್ಳಬೇಕು. ಮುಚ್ಚಳ ತಾನಾಗಿ ಇಳಿಯುವುದಿಲ್ಲ, ಬೆರಳಿನಿಂದ ಸ್ವಲ್ಪ ಒತ್ತಬೇಕು. ಅರಗಿನ ಹೊಳಪಿನಿಂದಾಗಿ ಚೆಂಡು ಅಂಗೈಯಲ್ಲಿ ಜಾರುತ್ತದೆ. ಅದರ ಬದಲಿಗೆ ಈಗ ಬಣ್ಣವಷ್ಟೇ ಹಚ್ಚಿದ, ಹೊಳಪು ಕೊಡದ ಚೆಂಡನ್ನು ಬಳಸುತ್ತಿದ್ದೇನೆ. ಸಾಗರದ ಜುಲೈ ತಿಂಗಳಲ್ಲಿ ಎರಡು ವಾರ ಅದನ್ನು ಮುಟ್ಟಲಾಗಲಿಲ್ಲ, ಅಷ್ಟು ಬಿಗಿಯಾಗಿತ್ತು. ಭೂತಗನ್ನಡಿ ಹಿಡಿದರೆ ಕಾಣಬಾರದ್ದು ಕಾಣುತ್ತದೆ. ಅಂಕ ಹಾಕುವವರು ಕುಶಲತೆಯೊಂದನ್ನೇ ನೋಡುವುದಾದರೆ ಅದಕ್ಕೆ ಹತ್ತಕ್ಕೆ ಹತ್ತು, ಇದಕ್ಕೆ ಏಳು.

ಆದರೆ ಗೌರಿ ಹಬ್ಬದ ದಿನ ಅತ್ತೆಯ ಮನೆಯಲ್ಲಿ ನಡೆದದ್ದನ್ನು ಹೇಳದೆ ಈ ಅಂಕಗಳನ್ನು ಯಾರೂ ನಂಬಬಾರದು. ವೀಳ್ಯದೆಲೆ, ಅಡಿಕೆ, ಅರಿಶಿನದ ತಟ್ಟೆಯ ಪಕ್ಕದಲ್ಲಿ ನಾನು ಈ ಭರಣಿಯನ್ನು ಸುಮ್ಮನೆ ಇಟ್ಟಿದ್ದೆ. ಅರ್ಧ ಗಂಟೆಯವರೆಗೆ ಅದರತ್ತ ಒಬ್ಬರೂ ತಿರುಗಿ ನೋಡಲಿಲ್ಲ. ಅತ್ತೆಯೇ ಕುಂಕುಮಕ್ಕೆಂದು ಮುಚ್ಚಳ ತೆಗೆದರೆ ಒಳಗೆ ಕೆಂಪು ಚೆಂಡು. “ಇದೇನೋ ಇದು, ಕುಂಕುಮ ಎಲ್ಲಿ?” ಎಂದರು. ಚೆಂಡನ್ನು ಅವರ ಕೈಗೇ ಕೊಟ್ಟು, ಮುಚ್ಚಳ ಮುಚ್ಚಿ, ಮುಂದಿನ ಆಟ ಆಡಿದೆ. ಮೂರು ತಲೆಮಾರಿನ ಹನ್ನೆರಡು ಮಂದಿ ಅಲ್ಲಿದ್ದರು. ಎಲ್ಲರೂ ಚೆಂಡನ್ನು ಕೇಳಿದರು, ನನ್ನ ಜೇಬು ತಡಕಿದರು, ಅಂಗಿಯ ತೋಳು ಮಡಿಸಿ ನೋಡಿದರು. ಭರಣಿಯನ್ನು ಯಾರೂ ಕೇಳಲಿಲ್ಲ. ಕುಂಕುಮದ ಭರಣಿಯಲ್ಲಿ ನೋಡುವುದಕ್ಕೆ ಏನಿರುತ್ತದೆ? ಮಾರಿಸನ್ ಗುಳಿಗೆಯ ಕಾಲದ ಇಂಗ್ಲಿಷರ ಮುಂದೆ ಆ ಡಬ್ಬಿಗೆ ಇದ್ದ ಅನುಕೂಲ ಇದೇ ಆಗಿರಬೇಕು. ಇಂಗ್ಲೆಂಡಿನ ಕುಶಲಕರ್ಮಿ ಗೆರೆಯನ್ನು ಕಣ್ಣಿನಿಂದ ಮರೆಸಿದರು, ಚನ್ನಪಟ್ಟಣದ ಹಿರಿಯರ ಭರಣಿಯಲ್ಲಿ ಆ ಕೆಲಸವನ್ನು ಅರ್ಧ ಮಾಡಿದ್ದು ಕೈ, ಇನ್ನರ್ಧ ಮಾಡಿದ್ದು ರೂಢಿ. ಎರಡು ಸಾವಿರದ ಇನ್ನೂರು ರೂಪಾಯಿಗೆ, ಕೆಟ್ಟುಹೋದ ಮೊದಲನೆಯದೂ ಸೇರಿ, ನನಗೆ ಇದು ಸಿಕ್ಕಿತು.

ಇದನ್ನು ಓದಿ, ವಿದೇಶದ್ದೆಲ್ಲ ಬೀರುವಿಗೆ, ಸ್ವದೇಶದ್ದೆಲ್ಲ ಆಟಕ್ಕೆ ಎಂದು ಯಾರಾದರೂ ತಿಳಿದುಕೊಳ್ಳುವುದಾದರೆ ಮೂರನೆಯ ವಸ್ತು ಅದಕ್ಕೆ ಅಡ್ಡ ಬರುತ್ತದೆ. ಒಕಿಟೊ ಎಂಬುದು ಥಿಯೊ ಬ್ಯಾಂಬರ್ಗ್ ಅವರ ರಂಗನಾಮ. ಟೋಕಿಯೊ ಎಂಬ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ಕಟ್ಟಿಕೊಂಡ ಹೆಸರು. ತಲೆಮಾರುಗಳಿಂದ ಯಕ್ಷಿಣಿಯನ್ನೇ ಕಸುಬಾಗಿ ಮಾಡಿಕೊಂಡು ಬಂದ ಡಚ್ ಮನೆತನದಲ್ಲಿ 1875ರಲ್ಲಿ ಹುಟ್ಟಿದ ಇವರು ರೂಪಿಸಿದ ಈ ಪುಟ್ಟ ನಾಣ್ಯದ ಡಬ್ಬಿಯ ಮೂಲವೂ ಔಷಧದ ಗುಳಿಗೆ ಡಬ್ಬಿಯೇ. ನನ್ನದು ಅಮೆರಿಕದ ಸಣ್ಣ ಕಾರ್ಯಾಗಾರವೊಂದರಲ್ಲಿ ಹಿತ್ತಾಳೆಯ ಸರಳನ್ನು ಲೇತಿಗೆ ಕೊಟ್ಟು ಕಡೆದದ್ದು. ಎಲ್ಲ ಸೇರಿ ಐದೂವರೆ ಸಾವಿರ ರೂಪಾಯಿ. ಇದರಲ್ಲಿ ನಾಣ್ಯಗಳು ಮುಚ್ಚಿದ ಡಬ್ಬಿಯಿಂದ ಅಂಗೈಯನ್ನು ತೂರಿ ಕೆಳಗೆ ಬೀಳುತ್ತವೆ, ಅಥವಾ ಬಿದ್ದಂತೆ ಕಾಣುತ್ತವೆ. ಗೋಡೆಗಳ ದಪ್ಪ ಎಲ್ಲೆಡೆ ಒಂದೇ ಸಮ. ಮುಚ್ಚಳ ಕೂರುವಾಗ ಕೇಳುವ ಸಣ್ಣ ಸದ್ದು ಯಾವ ರೀತಿ ಕೂರಿಸಿದರೂ ಒಂದೇ. ಈ ಕೊನೆಯ ಗುಣಕ್ಕಾಗಿಯೇ ಒಳ್ಳೆಯ ಒಕಿಟೊ ಡಬ್ಬಿಗೆ ದುಡ್ಡು ಕೊಡುವುದು, ಕಾರಣ ಕೇಳಬೇಡಿ.

ಅದರ ತೊಂದರೆಯೆಂದರೆ ಅಳತೆ. ಇಂಥ ಡಬ್ಬಿಗಳನ್ನು ಸಾಮಾನ್ಯವಾಗಿ ಮಾಡುವುದು ಅಮೆರಿಕದ ಅರ್ಧ ಡಾಲರ್ ನಾಣ್ಯಕ್ಕೆ, ಅಂದರೆ 30.6 ಮಿಲಿಮೀಟರು ಅಡ್ಡಗಲಕ್ಕೆ. ನಮ್ಮ ಹತ್ತು ರೂಪಾಯಿಯ ನಾಣ್ಯ 27 ಮಿಲಿಮೀಟರು. ಅದನ್ನು ಒಳಗೆ ಹಾಕಿದರೆ ಗಿಲಕಿಯಂತೆ ಸದ್ದು ಮಾಡುತ್ತದೆ. ಅರ್ಧ ಡಾಲರಿನಲ್ಲಿಯೇ ಆಡಿದರೆ ಮತ್ತೆ ಟ್ರೋಫಿಯ ಕಥೆ: ಜನ ನಾಣ್ಯವನ್ನೇ ತಿರುಗಿಸಿ ತಿರುಗಿಸಿ ನೋಡುತ್ತ ಕೂರುತ್ತಾರೆ. ಒಂದು ದಿನ ಅಜ್ಜನ ಪೆಟ್ಟಿಗೆಯಲ್ಲಿದ್ದ ಐದನೆಯ ಜಾರ್ಜ್ ದೊರೆಯ ಬೆಳ್ಳಿಯ ರೂಪಾಯಿಗಳನ್ನು ಸುಮ್ಮನೆ ಹಾಕಿ ನೋಡಿದೆ. ಒಂದು ತೊಲ ತೂಕದ ಆ ರೂಪಾಯಿಯ ಅಡ್ಡಗಲ ಸುಮಾರು 30.5 ಮಿಲಿಮೀಟರು. ಹೇಳಿ ಮಾಡಿಸಿದಂತೆ ಕೂತಿತು. ನೋಡಿದ ಹಿರಿಯರಲ್ಲಿ ಹೆಚ್ಚಿನವರು ಡಬ್ಬಿಯನ್ನು ಕಂಡು ಹೇಳಿದ್ದು, ಇದು ನಮ್ಮ ಮನೆಯಲ್ಲಿದ್ದ ಸುಣ್ಣದ ಡಬ್ಬಿಯ ಹಾಗೆಯೇ ಇದೆ ಎಂದು. ಎಲೆಯಡಿಕೆಯ ಚೀಲದಿಂದ ಹಿತ್ತಾಳೆಯ ಡಬ್ಬಿಯೊಂದನ್ನು ತೆಗೆದು, ಅದರಲ್ಲಿ ಬೆಳ್ಳಿಯ ರೂಪಾಯಿ ಇಟ್ಟುಕೊಂಡ ಅಜ್ಜನ ಕಥೆಯೊಂದನ್ನು ಹೇಳುತ್ತ ಆಡಿದರೆ, ಅದು ಕಡಲು ದಾಟಿ ಬಂದ ವಸ್ತುವೆಂದು ಯಾರಿಗೂ ಅನ್ನಿಸುವುದಿಲ್ಲ. ಬೆಳ್ಳಿಯ ನಾದವಂತೂ ಈಗಿನ ಅರ್ಧ ಡಾಲರಿಗೆ ಇಲ್ಲವೇ ಇಲ್ಲ. ಒಂದು ಎಚ್ಚರಿಕೆ: ನಾಣ್ಯ ಸಂಗ್ರಹಿಸುವ ಗೆಳೆಯರಿದ್ದರೆ ಅವರ ಮುಂದೆ ಇದನ್ನು ಆಡಬಾರದು. ಬೆಳ್ಳಿಯ ನಾಣ್ಯಗಳು ಹಿತ್ತಾಳೆಗೆ ಉಜ್ಜಿ ಅಂಚು ಸವೆಯುವುದನ್ನು ಕಂಡು ಒಬ್ಬರು ನನ್ನ ಜೊತೆ ಒಂದು ವಾರ ಮಾತು ಬಿಟ್ಟರು.

ಕೊಳ್ಳುವವರಿಗೆ ಕೆಲವು ಮಾತು. ಹೊಸದಾಗಿ ಕಲಿಯುವವರು ಹಿತ್ತಾಳೆಯ ಡಬ್ಬಿಯಿಂದ ಶುರುಮಾಡುವುದು ಮೇಲು. ಅದು ಮಳೆಗೆ ಹಿಗ್ಗುವುದಿಲ್ಲ, ಬಿದ್ದರೆ ಒಡೆಯುವುದಿಲ್ಲ, ಕಪ್ಪಾದರೆ ಹುಣಸೆಹಣ್ಣು ಇದ್ದೇ ಇದೆ, ಆದರೆ ಅತಿಯಾಗಿ ತಿಕ್ಕಬಾರದು, ಹೊಳೆಯುವ ಸುಣ್ಣದ ಡಬ್ಬಿಯನ್ನು ಯಾರೂ ನಂಬುವುದಿಲ್ಲ. ಬಾಕ್ಸ್‌ವುಡ್ ಭರಣಿಯನ್ನು ಕೊಳ್ಳುವವರು ಅದನ್ನು ಆಡುವುದಕ್ಕೆ ಕೊಳ್ಳುತ್ತಿದ್ದೇವೆ ಎಂದು ತಮಗೆ ತಾವೇ ಸುಳ್ಳು ಹೇಳಿಕೊಳ್ಳದಿದ್ದರೆ ಸಾಕು. ಚನ್ನಪಟ್ಟಣಕ್ಕೆ ಹೋಗುವವರು ಮಾದರಿಯೊಂದನ್ನು ಕೈಯಲ್ಲಿ ಹಿಡಿದು ಹೋಗಬೇಕು, ನಕ್ಷೆ ಸಾಲದು. ಒಳಮೈಗೆ ಅರಗು ಬೇಡವೆಂದು ಮೊದಲೇ ಹೇಳಬೇಕು. ಎರಡು ಸಲವಾದರೂ ಪ್ರಯಾಣ ಮಾಡುವುದಕ್ಕೆ ಸಿದ್ಧರಿರಬೇಕು ಮತ್ತು ಕೆಟ್ಟುಹೋದದ್ದಕ್ಕೂ ಕೂಲಿ ಕೊಡಬೇಕು.

ಮಳೆಗಾಲದ ಬಿಗಿತದ ಬಗ್ಗೆ ಹಿರಿಯರಿಗೆ ಫೋನು ಮಾಡಿ ಹೇಳಿದಾಗ ಅವರು ಚನ್ನಪಟ್ಟಣದ ಒಣ ಗಾಳಿಯಲ್ಲಿ ಕಡೆದದ್ದು ಸಾಗರದ ಮಳೆಗೆ ಹೀಗೆಯೇ ಆಗುತ್ತದೆ ಎಂದು, ಬರಿಯ ಹಾಲೆ ಮರದ ತುಂಡುಗಳನ್ನು ನನ್ನ ಮನೆಗೆ ಒಯ್ಯಲು ಹೇಳಿದರು. ಒಂದು ಮಳೆಗಾಲ ಪೂರ್ತಿ ಅವು ಅಲ್ಲಿಯ ಗಾಳಿ ಕುಡಿಯಲಿ, ಆಮೇಲೆ ತಂದುಕೊಟ್ಟರೆ ಕಡೆಯೋಣ ಎಂದರು. ಅಂಥ ಆರು ತುಂಡುಗಳು ಜೂನ್ ತಿಂಗಳಿನಿಂದ ನಮ್ಮ ಮನೆಯ ಅಟ್ಟದ ಮೇಲೆ, ಅಡಿಕೆ ಚೀಲಗಳ ಪಕ್ಕದಲ್ಲಿ ಇವೆ.